ಶ್ರಾವಣದಲ್ಲಿ ಚೂಪಾದ ಹರಳುಗಳು

೧೯೭೪ರಲ್ಲಿ ನಾನು ವಾರಾಣಸಿಯ ಒಂದು ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ತಾತ್ಕಾಲಿಕ ಸಂಶೋಧನಾ ಸಹಾಯಕಿ. ಕೆಲಸ, ಕೆ.ಡಿ.ಪಿ. ಎಂಬ ಹರಳು ಬೆಳೆಸುವುದು. ಅದರ ಲವಣವನ್ನು ಬಿಸಿನೀರಿನಲ್ಲಿ ಕರಗಿಸಿ, ಜಾಡಿಯೊಳಗೆ ಪುಟ್ಟದೊಂದು ಬೀಜದ ಹರಳು ತೂಗುಬಿಟ್ಟು, ವಾರಗಟ್ಟಲೆ ನಿಧಾನವಾಗಿ ತಣಿಸಬೇಕು. ಒಳ್ಳೆಯ ಹರಳಿನ ಮೂಲಕ ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಹಾಯಿಸಿದರೆ ಆಚೆಗೆ ಹಸಿರು ಬೆಳಕು ಬರುತ್ತದೆ! ದೀಪಾವಳಿಯೊಳಗೆ ಅಂಥದೊಂದು ಹರಳು ಕೊಡದಿದ್ದರೆ ಯೋಜನೆ ಬಂದ್; ನಾನು ಗಂಟುಮೂಟೆ ಕಟ್ಟಿ ವಿಜಾಪುರದ ಗಾಡಿ ಹತ್ತಬೇಕು. ಅಲ್ಲಿ ಅಪ್ಪ ಗಂಡು ನೋಡಿಟ್ಟು ಕಾಯುತ್ತಿದ್ದರು.

ಚಳಿಗಾಲದಲ್ಲಿ, ಲೇಸರಿಗೆ ಬೇಕಾದಷ್ಟು ತಿಳಿಯಾಗಿರದಿದ್ದರೂ, ಚೆನ್ನಾಗಿಯೇ ಬಂದಿದ್ದ ಹರಳುಗಳು ಮಳೆ ಹಿಡಿದ ಮೇಲೆ ಹಟಕ್ಕೆ ಬಿದ್ದವು. ಕಂಬದಂತೆ ನೆಟ್ಟಗೆ ಬರಬೇಕಾದದ್ದು ಪೆನ್ಸಿಲ್ ಕೆತ್ತಿದ ಹಾಗೆ ಚೂಪಾಗುತ್ತ ಹೋಗುತ್ತಿತ್ತು. ಕರೆಂಟು ಹೋಗಿ ಉಷ್ಣತೆ ಏರುಪೇರಾಗುತ್ತದೆಂದು ಬ್ಯಾಟರಿ ತಂದೆವು, ಲವಣ ಬದಲಿಸಿದೆವು. ಊಹುಂ! ನನಗಂತೂ ತಲೆ ಕೆಟ್ಟು ಕೆರ ಹಿಡಿದಿತ್ತು.

ನಮ್ಮ ಪ್ರೊಫೆಸರು ಭಾರೀ ಶಿವಭಕ್ತರು. ಪ್ರತಿ ಜಾಡಿ ಮುಚ್ಚುವ ಮುನ್ನ ಮನೆಯಿಂದ ತಂದ ಗಂಗಾಜಲವನ್ನು ಒಂದು ಉದ್ಧರಣೆ ಒಳಗೆ ಬಿಡುವುದು ಅವರ ಪದ್ಧತಿ. ಚಳಿಗಾಲದಲ್ಲೂ ಬಿಟ್ಟಿದ್ದರು, ಏನೂ ಆಗಿರಲಿಲ್ಲ. ಹಾಗಾಗಿ ಅದರ ಮೇಲೆ ಯಾರಿಗೂ ಸಂಶಯವಿರಲಿಲ್ಲ.

ನಾನಿದ್ದದ್ದು ಹನುಮಾನ್ ಘಾಟಿನಲ್ಲಿ, ಕಾಶೀವಾಸಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದ ಗೋದಕ್ಕನ ಮನೆಯಲ್ಲಿ. ಒಂದು ಬೆಳಿಗ್ಗೆ ಅವರು ಕದಡಿದ ಗಂಗೆ ನೀರಿನ ಕೊಡದೊಳಗೆ ಬಿಳಿ ಪಟಕದ ಗಡ್ಡೆ ತಿರುವುತ್ತಿದ್ದರು.

“ಏನಕ್ಕಾ ಅದು?”

“ಫಿಟ್ಕರಿ ಅಲ್ಲೇನವಾ! ಮಳಿಗಾಲದಾಗ ಇದನ್ನ ತಿರುವದಿದ್ರ ರಾಡಿ ಕೆಳಗ ಕೂಡ್ತದೇನು? ಇಡೀ ಕಾಶ್ಯಾಗ ಹಿಂಗ ಮಾಡ್ತಾರ.”

ಚಹದ ಲೋಟ ಅಲ್ಲೇ ಬಿಟ್ಟು ಓಡಿದೆ. ಹಾಗಾದರೆ ಪ್ರೊಫೆಸರರ ಮನೆಯ ಗಂಗಾಜಲಕ್ಕೂ ಈಗ ಪಟಕ ಬಿದ್ದಿರಬೇಕು; ಪಟಕದಲ್ಲಿರುವುದು ಅಲ್ಯೂಮಿನಿಯಂ! ಹರಳಿಗೆ ಸೇರುವ ಇಂಥ ಅನ್ಯವಸ್ತುವನ್ನು ನಾವು ಡೋಪಂಟ್ ಎನ್ನುತ್ತೇವೆ. ಅಲ್ಯೂಮಿನಿಯಂ ಅಯಾನುಗಳು ಹರಳಿನ ಪಕ್ಕದ ಮುಖಗಳಿಗೆ ಅಂಟಿ ಅವುಗಳ ಬೆಳವಣಿಗೆ ತಡೆಯುತ್ತವೆ. ತುದಿ ಮಾತ್ರ ಬೆಳೆಯುತ್ತದೆ. ಅದಕ್ಕೆ ತೀರ ಸ್ವಲ್ಪ ಸಾಕು.

ಪ್ರಯೋಗಾಲಯದ ಹತ್ತಿರದ ಲಂಕಾ ಎಂಬ ಬಡಾವಣೆಯಲ್ಲಿ ರಿಕ್ಷಾ ಇಳಿದವಳೇ ಪ್ರೊಫೆಸರರ ಮುಂದೆ ಏದುಸಿರು ಬಿಡುತ್ತ ಎಲ್ಲ ಒದರಿಬಿಟ್ಟೆ. ಅವರ ಮುಖ ಕೆಂಪೇರಿತು.

“ಗಂಗಾಜಲ ಅಶುದ್ಧ ಅಂತೀಯಾ, ಬೇಟಿ?”

“ಗಂಗೆಯ ತಪ್ಪಲ್ಲ ಸರ್, ಪಟಕದ್ದು. ಎರಡು ಜಾಡಿ ಇಡೋಣ. ಒಂದಕ್ಕೆ ಗಂಗಾಜಲ ಹಾಕಿ, ಇನ್ನೊಂದಕ್ಕೆ ಬೇಡ.”

ಅವರು ಕಪಾಟಿನಿಂದ ಖಾಲಿ ಜಾಡಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಕೊನೆಗೆ, “ಮೂರು ಇಡು. ಮೂರನೆಯದಕ್ಕೆ ಗಂಗಾಜಲದ ಜೊತೆ ಇ.ಡಿ.ಟಿ.ಎ.ನೂ ಹಾಕು,” ಎಂದರು. ಇ.ಡಿ.ಟಿ.ಎ. ಎಂದರೆ ಲೋಹದ ಅಯಾನುಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ರಾಸಾಯನಿಕ. ಭಕ್ತರಾದರೇನಂತೆ, ವಿಜ್ಞಾನಿಯೂ ಹೌದಲ್ಲ!

ಕೆಲವು ವಾರ ಕಳೆದು ನೋಡಿದರೆ, ಗಂಗಾಜಲದ ಜಾಡಿಯಲ್ಲಿ ಮತ್ತದೇ ಪೆನ್ಸಿಲ್. ಗಂಗಾಜಲ ಬೀಳದ ಜಾಡಿಯಲ್ಲಿ ನೆಟ್ಟನೆಯ ಕಂಬ. ಮೂರನೆಯದು? ಅಬ್ಬಬ್ಬಾ, ಏನು ಹೇಳಲಿ! ನೆಟ್ಟಗಂತೂ ಇತ್ತು, ಉಳಿದೆರಡಕ್ಕಿಂತ ತಿಳಿಯಾಗಿಯೂ ಇತ್ತು. ಲವಣದಲ್ಲೇ ಅಡಗಿದ್ದ ಕಬ್ಬಿಣದ ಅಂಶವನ್ನೂ ಇ.ಡಿ.ಟಿ.ಎ. ಹಿಡಿದುಹಾಕಿತ್ತು. ನಾಚಿಕೆ ಬಿಟ್ಟು ಅಲ್ಲೇ ಕುಣಿದೆ.

ಆ ಹರಳನ್ನೇ ಕತ್ತರಿಸಿ, ಪಾಲಿಶ್ ಮಾಡಿ, ದೀಪಾವಳಿಗೆ ಮುಂಚೆಯೇ ಲೇಸರಿನ ಎದುರು ಇಟ್ಟೆವು. ಗೋಡೆಯ ಮೇಲೆ ಹಸಿರು ಚುಕ್ಕೆ ಮೂಡಿತು. ಪ್ರೊಫೆಸರರ ಕಣ್ಣು ತುಂಬಿ ಬಂತು. “ಅಪ್ಪನಿಗೆ ತಿಳಿಸಿಬಿಡು, ಹುಡುಗಿ ಸದ್ಯಕ್ಕೆ ಬರೋದಿಲ್ಲ ಅಂತ,” ಎಂದರು.

ಆಮೇಲೆ ನಿವೃತ್ತಿಯವರೆಗೂ ಹರಳು ಬೆಳೆಸಿದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ದೊಡ್ಡವರ ನಂಬಿಕೆಯ ಜೊತೆ ವಾದಕ್ಕೆ ನಿಲ್ಲಬೇಡಿ, ಪಕ್ಕದಲ್ಲಿ ಎರಡನೆಯ ಜಾಡಿ ಇಡಿ. ಮನುಷ್ಯ ದೊಡ್ಡವನೇ ಆಗಿದ್ದರೆ ಮೂರನೆಯದನ್ನು ತಾನೇ ಇಡಿಸುತ್ತಾನೆ.