ನೀರಿನಲ್ಲಿದ್ದ ಕಳಲೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಚಿಕ್ಕಮ್ಮ ಮಿನ್ನಿಯ ಮುಂದೆ ಬಟ್ಟಲು ಇಟ್ಟಳು. ಆ ದಿನಗಳಲ್ಲಿ ನನ್ನ ಕೈಯಲ್ಲಿ ಅಪ್ಪ ಕೊಡಿಸಿದ ಹೊಸ ಗಡಿಯಾರವಿತ್ತು. ಹಲ್ಲುಜ್ಜಲು ಎಷ್ಟು ನಿಮಿಷ, ಕುಂಟೆಬಿಲ್ಲೆಯ ಒಂದು ಆಟಕ್ಕೆ ಎಷ್ಟು ನಿಮಿಷ ಎಂದು ನೋಡುವುದೇ ಒಂದು ಹುಚ್ಚು. ಹಾಗಾಗಿ ಆ ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಅದರ ಮುಂದಿನ ಒಂದು ಗಂಟೆಯನ್ನು ಎಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತೇನೆ. ಬಟ್ಟಲು ಇನ್ನೂ ಚಿಕ್ಕಮ್ಮನ ಕೈಯಲ್ಲಿದೆ, ನಾನು ಬಾಗಿಲ ಬಳಿ ನಿಂತಿದ್ದೇನೆ, ಬಾಯಿ ಬಿಟ್ಟರೆ ಸಾಕು.

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಮನೆ. ಅಪ್ಪ ಅಮ್ಮ ಕಕ್ಕಬೆಯಲ್ಲಿ ಕೆಲಸಕ್ಕಿದ್ದರು. ನಾನು ಶಾಲೆಗೆಂದು ಅಜ್ಜಿಯ ಬಳಿ ಇದ್ದೆ. ಆಗ ನನಗೆ ಹತ್ತು ವರ್ಷ. ಚಿಕ್ಕಪ್ಪ ಮಲೇಷ್ಯಾದ ತಾಳೆ ಎಣ್ಣೆ ಎಸ್ಟೇಟಿನಲ್ಲಿ ಕೆಲವು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದ. ಮಲಾಕ್ಕಾ ಎಂಬ ಊರಿನ ಹುಡುಗಿಯನ್ನು ಮದುವೆಯಾಗಿ, ಅವಳಿಗೆ ಕನ್ನಡ ಕಲಿಸಿ, ಮಗಳು ಮಿನ್ನಿಯನ್ನೂ ಕರೆದುಕೊಂಡು ವಾಪಸ್ ಬಂದ. ಚಿಕ್ಕಮ್ಮನ ಮನೆಯವರು ನಮ್ಮ ಹಾಗೆಯೇ ದೇವರಿಗೆ ದೀಪ ಹಚ್ಚುವವರು, ಎಷ್ಟೋ ತಲೆಮಾರಿನ ಹಿಂದೆ ತಮಿಳುನಾಡಿನಿಂದ ಹೋದವರು. ಆದರೆ ಮನೆಮಾತು ಮಲಯ, ಅಡುಗೆ ಅಕ್ಕಪಕ್ಕದ ಚೀನೀ ಮನೆಗಳ ಹೆಂಗಸರದು. ಆ ಹೆಂಗಸರನ್ನು ಅಲ್ಲಿ ನೋನ್ಯಾ ಎನ್ನುತ್ತಾರಂತೆ. ಚೀನೀಯರ ಕೈ, ಮಲಯದ ಮಸಾಲೆ.

ಆ ಅಡುಗೆಗೆ ಬೇಕಾದ ಸಾಮಾನು ನಮ್ಮಲ್ಲಿ ಎಲ್ಲಿ ಸಿಗಬೇಕು? ಚಿಕ್ಕಮ್ಮ ಬಿಡುವವಳಲ್ಲ. ಅವಳ ಊರಿನ ಪಾಂಡನ್ ಎಲೆ ನಮ್ಮ ಬಚ್ಚಲ ಹಿಂದೆ ಬಾಸುಮತಿ ಸೊಪ್ಪು ಎಂಬ ಹೆಸರಿನಲ್ಲಿ ಬೆಳೆದಿರುವುದನ್ನು ಬಂದ ವಾರವೇ ಮೂಸಿ ಕಂಡುಹಿಡಿದಳು. ಅಲ್ಲಿನ ಹುಳಿಯ ಬದಲು ಕೊಡಗಿನ ಕಪ್ಪು ಹುಳಿ, ಕಾಚಂಪುಳಿ. ಮಸಾಲೆ ಗಟ್ಟಿಯಾಗಲು ಗೇರುಬೀಜ. ಸಿಗಡಿ ಅರೆದು ಒಣಗಿಸಿದ ಅಚ್ಚಿನ ಬದಲು ಸಂತೆಯ ಒಣಸಿಗಡಿಯನ್ನು ಹುರಿದು ಕುಟ್ಟುತ್ತಿದ್ದಳು; ಆ ವಾಸನೆಗೆ ಎದುರು ಮನೆಯ ಸಾವಿತ್ರಕ್ಕ ಕಿಟಕಿ ಮುಚ್ಚುತ್ತಿದ್ದಳು, ಊಟದ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು.

ಭಾನುವಾರಗಳಲ್ಲಿ ಒಂಡೆ ಒಂಡೆ. ಅಕ್ಕಿ ಹಿಟ್ಟಿಗೆ ಬಾಸುಮತಿ ಸೊಪ್ಪಿನ ರಸ ಹಾಕಿ ಕಲಸಿ, ಒಳಗೆ ಬೆಲ್ಲದ ಚೂರು ಇಟ್ಟು ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಕುದಿಯುವ ನೀರಿಗೆ ಬಿಟ್ಟು, ತೇಲಿ ಬಂದ ಮೇಲೆ ತೆಂಗಿನ ತುರಿಯಲ್ಲಿ ಹೊರಳಿಸುವುದು. ಬಾಯಿಗೆ ಹಾಕಿಕೊಂಡು ತುಟಿ ಮುಚ್ಚಿಯೇ ಕಚ್ಚಬೇಕು, ಇಲ್ಲದಿದ್ದರೆ ಬೆಲ್ಲದ ಪಾಕ ಎದುರಿಗೆ ಕೂತವರ ಮುಖಕ್ಕೆ ಹಾರುತ್ತದೆ. ನಾನೂ ಮಿನ್ನಿಯೂ ಬೇಕೆಂದೇ ಬಾಯಿ ತೆರೆದು ಕಚ್ಚುತ್ತಿದ್ದೆವು.

"ನಮ್ ಕಡುಬಿಗೆ ಹಸಿರು ಬಣ್ಣ ಬಳಿದು ಮಲೇಷ್ಯಾ ಅಂತೀಯಲ್ಲೇ" ಎಂದು ಅಜ್ಜಿ ರೇಗಿಸುತ್ತಿದ್ದಳು.

"ಕಡುಬಿನ ತಂಗಿ ಅತ್ತೆ ಇದು. ಸ್ವಲ್ಪ ಚೆಂದ ಇದಾಳೆ, ಅದಕ್ಕೆ ನಿಮಗೆ ಹೊಟ್ಟೆಕಿಚ್ಚು."

"ಹೂಂ ಕಣಮ್ಮ. ತಂಗೀನ ಇನ್ನೆರಡು ಹಾಕು ಇತ್ಲಾಗೆ."

ಆ ಭಾನುವಾರ ಬೆಳಿಗ್ಗೆ ಅಜ್ಜಿ ಹಿತ್ತಲಿನ ಬಿದಿರು ಮೆಳೆಯಿಂದ ಎರಡು ಎಳೆ ಕಳಲೆ ಕಡಿದು ತಂದಳು. ಹೊರಗಿನ ಸಿಪ್ಪೆಗಳನ್ನು ಬಿಡಿಸಿದ್ದು ನಾನು. ಒಂದೊಂದೇ ಪದರ ತೆಗೆದಂತೆ ಒಳಗಿನಿಂದ ಬೆಣ್ಣೆ ಬಣ್ಣದ ಮೆತ್ತನೆಯ ದಿಂಡು ಬರುತ್ತಿತ್ತು. ಅಜ್ಜಿ ಅದನ್ನು ಸಣ್ಣಗೆ ಹೆಚ್ಚಿ, ದೊಡ್ಡ ಸ್ಟೀಲ್ ಬೇಸಿನ್ನಿನಲ್ಲಿ ನೀರು ತುಂಬಿ ಅದರಲ್ಲಿ ಹಾಕಿ, ಅಡುಗೆಮನೆಯ ಮೂಲೆಯಲ್ಲಿಟ್ಟಳು. ನಮ್ಮ ಕಡೆ ಕಳಲೆ ಹಾಗೆ ಮೂರು ದಿನ ನೀರಿನಲ್ಲಿ ಇರಬೇಕು. ದಿನಾ ಬೆಳಿಗ್ಗೆ ನೀರು ಬದಲಾಗಬೇಕು. ತೆಗೆದ ನೀರನ್ನು ದನ ಬಾಯಿ ಹಾಕದ ಜಾಗದಲ್ಲಿ, ಗುಂಡಿ ತೆಗೆದು ಸುರಿಯಬೇಕು. ಇದು ನಮ್ಮಲ್ಲಿ ಹಸುಗೂಸಿಗೂ ಗೊತ್ತಿರುವ ವಿಷಯ, ಯಾರೂ ಯಾರಿಗೂ ಹೇಳುವುದಿಲ್ಲ. ಅಜ್ಜಿಯೂ ಹೇಳಲಿಲ್ಲ. ಬೇಸಿನ್ ಇಟ್ಟು ಕೊಟ್ಟಿಗೆಗೆ ಹೋದಳು.

ಚಿಕ್ಕಮ್ಮನ ಊರಿನಲ್ಲೂ ಕಳಲೆ ತಿನ್ನುತ್ತಾರೆ, ಅದರ ವಿಷ ಅವಳಿಗೂ ಗೊತ್ತಿತ್ತು. ಆದರೆ ಅಲ್ಲಿ ಅದನ್ನು ನೆನೆಸುವುದಿಲ್ಲ, ಬೇಯಿಸುತ್ತಾರೆ. ಮಾರುಕಟ್ಟೆಯ ಹೆಂಗಸರು ಚೆನ್ನಾಗಿ ಕುದಿಸಿ, ತಣ್ಣೀರಿನ ಬಕೆಟ್ಟಿನಲ್ಲಿ ಹಾಕಿಟ್ಟು ಮಾರುತ್ತಾರಂತೆ. ನೀರಿನಲ್ಲಿರುವ ಕಳಲೆ ಎಂದರೆ ಅವಳ ಕಣ್ಣಿಗೆ ಬೆಂದು ಸಿದ್ಧವಾದ ಕಳಲೆ. ನಮ್ಮ ಕಣ್ಣಿಗೆ ಇನ್ನೂ ಮುಟ್ಟಬಾರದ ಕಳಲೆ. ಒಂದೇ ಬೇಸಿನ್ನು.

ಅಜ್ಜಿ ಕೊಟ್ಟಿಗೆಯಿಂದ ಬರುವುದರೊಳಗೆ ಏನಾದರೂ ಮಾಡಿ ಅಚ್ಚರಿಪಡಿಸೋಣ ಎಂದು ಅವಳು ಎರಡು ಹಿಡಿ ಕಳಲೆ ತೆಗೆದು ಹಿಂಡಿದಳು. ಹುರಿದ ತೆಂಗಿನ ತುರಿ, ಕುಟ್ಟಿದ ಒಣಸಿಗಡಿ, ಸಣ್ಣ ಈರುಳ್ಳಿ, ನಿಂಬೆಹುಳಿ. ಕೆರಾಬು ಎಂದಳು, ಅವಳ ಊರಿನ ಕೋಸಂಬರಿ. ಒಲೆಯ ಮೇಲೆ ಇಡುವಂಥದ್ದಲ್ಲ. ರುಚಿ ನೋಡಿ ಮುಖ ಸ್ವಲ್ಪ ಕಿವುಚಿ, "ನಿಮ್ಮೂರಿನ ಬಿದಿರು ಕಹಿ ಕಣೆ" ಎಂದು ನಕ್ಕು, ಇನ್ನಷ್ಟು ನಿಂಬೆ ಹಿಂಡಿ ಬೆಲ್ಲ ಪುಡಿ ಮಾಡಿ ಹಾಕಿದಳು.

ನಾನು ನೋಡುತ್ತಿದ್ದೆ. ಆ ಕಳಲೆಯ ಸಿಪ್ಪೆ ಬಿಡಿಸಿ ಎರಡು ಗಂಟೆಯೂ ಆಗಿರಲಿಲ್ಲ, ನನ್ನ ಉಗುರಿನ ಸಂದಿಯಲ್ಲಿ ಅದರ ಸಣ್ಣ ಮುಳ್ಳುರೋಮ ಇನ್ನೂ ಚುಚ್ಚುತ್ತಿತ್ತು. ಹೇಳಬೇಕು ಅನ್ನಿಸಿತು. ಆದರೆ ಅವಳು ಹುಳಿಯಿಲ್ಲದ ಕಡೆ ಹುಳಿ, ಎಲೆಯಿಲ್ಲದ ಕಡೆ ಎಲೆ ಹುಡುಕಿಕೊಂಡವಳು. ಅವಳ ಊರಿನಲ್ಲಿ ಹೀಗೂ ಒಂದು ಉಪಾಯ ಇರಬಹುದು ಎಂದುಕೊಂಡೆ. ಬಟ್ಟಲು ಮಿನ್ನಿಯ ಮುಂದೆ ಬಂತು.

ನಾನು ಎರಡು ತುತ್ತು ತಿಂದು, ನಾಲಗೆಯ ಬುಡದಲ್ಲಿ ಕಹಿ ಹತ್ತಿದ್ದಕ್ಕೆ ಬಿಟ್ಟೆ. ನಾಲ್ಕು ವರ್ಷದ ಮಿನ್ನಿ ಬೆಲ್ಲದ ಆಸೆಗೆ ಬಟ್ಟಲನ್ನು ನೆಕ್ಕಿದಳು.

ಅರ್ಧ ಗಂಟೆಯೊಳಗೆ ಅವಳು "ಹೊಟ್ಟೆ" ಎಂದು ಚಿಕ್ಕಮ್ಮನ ಸೆರಗು ಹಿಡಿದಳು. ಆಮೇಲೆ ವಾಂತಿ. ಆಮೇಲೆ ಅಳು ನಿಂತಿತು, ಅದೇ ಹೆದರಿಕೆಯಾಗಿದ್ದು. ಕುತ್ತಿಗೆ ನಿಲ್ಲುತ್ತಿರಲಿಲ್ಲ, ಉಸಿರು ಮಾತ್ರ ಓಡಿ ಬಂದವರ ಹಾಗೆ ಏರಿಳಿಯುತ್ತಿತ್ತು. ನನಗೂ ತಲೆ ಸುತ್ತುತ್ತಿತ್ತು. ಕೊಟ್ಟಿಗೆಗೆ ಓಡಿದೆ.

ಅಜ್ಜಿ ಬಂದವಳು ಮಗುವನ್ನು ನೋಡಿದಳು, ಬಟ್ಟಲನ್ನು ಎತ್ತಿ ಮೂಸಿದಳು, ಮೂಲೆಯ ಬೇಸಿನ್ ಕಡೆ ತಿರುಗಿದಳು.

"ಇದ್ರಿಂದ ತೆಗೆದ್ಯಾ?"

"ಬೆಂದಿತ್ತಲ್ಲ ಅತ್ತೆ... ನೀರಲ್ಲಿ ಇತ್ತಲ್ಲ..."

ಅಜ್ಜಿ ಬೈಯಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಿನಲ್ಲಿ ರಸ್ತೆಗೆ ಓಡಿದಳು. ಚಿಕ್ಕಪ್ಪ ಹುದಿಕೇರಿಯ ಎಸ್ಟೇಟಿನಲ್ಲಿದ್ದ, ಆ ವಾರ ಬಂದಿರಲಿಲ್ಲ. ತಿರುವಿನಲ್ಲಿ ಕೇರಳದ ಕಡೆಯ ಶುಂಠಿ ವ್ಯಾಪಾರಿ ಹಂಸಾಕ ತಮ್ಮ ಜೀಪಿಗೆ ಮೂಟೆ ತುಂಬುತ್ತಿದ್ದರು.

"ಎಂತಾಯ್ತು ಅಮ್ಮಾ?"

"ಹಸಿ ಕಳಲೆ ತಿಂದದೆ ಹಂಸ. ಉಸಿರು ಹೋಗ್ತದೆ."

"ಪಡಚ್ಚೋನೆ, ದೇವರೇ! ಹತ್ತಿ, ಹತ್ತಿ. ಮೋಳೆ, ಮಗಳೇ, ನೀನು ಹಿಂದೆ ಹತ್ತು. ಆ ಮೂಟೆ ಬೀಳಿಸು, ಬೀಳಿಸು, ಹೋದ್ರೆ ಹೋಗಲಿ."

ದಾರಿಯುದ್ದಕ್ಕೂ ಚಿಕ್ಕಮ್ಮ ಮಲಯದಲ್ಲಿ ಒಂದೇ ಮಾತನ್ನು ಹೇಳುತ್ತಿದ್ದಳು. ಅಜ್ಜಿ ಮಗುವಿನ ಕೆನ್ನೆ ತಟ್ಟುತ್ತ, "ಮಲಗ್ಬೇಡ ಮಗಾ, ನನ್ನ ನೋಡು, ಇತ್ಲಾಗೆ ನೋಡು" ಎನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದಿತು, ಎಷ್ಟು, ಯಾವಾಗ ಎಂದು ಒಂದೇ ಉಸಿರಿಗೆ ಕೇಳಿದರು. ದೊಡ್ಡವರಿಬ್ಬರೂ ಮಗುವನ್ನು ಮಂಚದ ಮೇಲೆ ಮಲಗಿಸುತ್ತಿದ್ದರು. "ಹತ್ತೂ ಇಪ್ಪತ್ತಕ್ಕೆ. ಒಂದು ಬಟ್ಟಲು. ಬೆಳಿಗ್ಗೆ ಹೆಚ್ಚಿದ ಕಳಲೆ, ಬೇಯಿಸಿರಲಿಲ್ಲ" ಎಂದೆ. ಡಾಕ್ಟರು ನನ್ನನ್ನು ಒಮ್ಮೆ ನೋಡಿ ಒಳಗೆ ಹೋದರು. ಮಿನ್ನಿಯ ಮುಖಕ್ಕೆ ಆಕ್ಸಿಜನ್ ಮುಖವಾಡ ಹಾಕಿದರು, ಕೈಗೆ ಸೂಜಿ ಚುಚ್ಚಿದರು. ನನ್ನನ್ನೂ ಚಿಕ್ಕಮ್ಮನನ್ನೂ ಪಕ್ಕದ ಮಂಚದಲ್ಲಿ ಕೂರಿಸಿ ಪರೀಕ್ಷಿಸಿದರು. ಬಾಗಿಲಿನ ಸಂದಿನಿಂದ ನನಗೆ ಮಿನ್ನಿಯ ಒಂದು ಪಾದ ಮಾತ್ರ ಕಾಣುತ್ತಿತ್ತು. ಅದು ಅಲ್ಲಾಡಲಿ ಎಂದು ಮಧ್ಯಾಹ್ನವಿಡೀ ನೋಡುತ್ತ ಕೂತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಆ ಪಾದ ಸಿಟ್ಟಿನಿಂದ ಹೊದಿಕೆಯನ್ನು ಒದೆಯಿತು.

ಎರಡು ದಿನ ಇಟ್ಟುಕೊಂಡು ಕಳಿಸಿದರು. ಇಷ್ಟಕ್ಕೆ ಮುಗಿಯಿತು ಎಂದು ಹೊರಗಿನವರು ತಿಳಿದರು. ನಮಗೆ ನಿದ್ದೆಯೇ ಇಲ್ಲವಾಯಿತು. ಚಿಕ್ಕಮ್ಮ ಮಗುವಿನ ಮೂಗಿನ ಬಳಿ ಬೆರಳು ಹಿಡಿದೇ ಮಲಗುತ್ತಿದ್ದಳು. ಅಜ್ಜಿ ಎದ್ದು ಬಂದು ನೋಡುವಳು, ನಾನು ಅಜ್ಜಿ ಎದ್ದದ್ದಕ್ಕೆ ಏಳುವೆ. ವಿಷಯ ತಿಳಿದು ಓಡಿ ಬಂದ ಚಿಕ್ಕಪ್ಪ ಒಂದು ವಾರವಿದ್ದು, ಕೆಲಸಕ್ಕೆ ಹಿಂತಿರುಗಿದ. ಚಿಕ್ಕಮ್ಮ ಒಲೆಯ ಹತ್ತಿರ ಬರುವುದನ್ನೇ ಬಿಟ್ಟಳು. ಪಾತ್ರೆ ತೊಳೆಯುವಳು, ನೆಲ ಒರೆಸುವಳು. ಬೇಳೆ ಬೇಯಲು ಇಡು ಎಂದರೆ ಪೊರಕೆ ಹಿಡಿದು ಅಂಗಳಕ್ಕೆ ಹೋಗುವಳು. ಊರಿಗೆ ಹೋಗಿಬಿಡುತ್ತೇನೆ, ಮಗುವನ್ನು ನೀವೇ ಇಟ್ಟುಕೊಳ್ಳಿ, ನನ್ನ ಕೈ ಸರಿಯಿಲ್ಲ ಎಂದು ಅಜ್ಜಿಗೆ ಒಂದು ದಿನ ಹೇಳಿದ್ದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡೆ.

ಅದನ್ನು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಅದು ಬೆಳಿಗ್ಗೆ ಹೆಚ್ಚಿದ್ದು ಅಂತ ನಂಗೆ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅವರೂರಲ್ಲಿ ಹಂಗೇ ಮಾಡ್ತಾರೇನೋ ಅನ್ಕೊಂಡೆ."

ಅಜ್ಜಿ ಹೊಡೆಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. "ನಾನು, ಅವಳಿಗೆ ಗೊತ್ತಿರ್ತದೆ ಅನ್ಕೊಂಡೆ. ಅವಳು, ನಾನು ಬೇಯ್ಸಿಟ್ಟಿದೀನಿ ಅನ್ಕೊಂಡ್ಳು. ಮೂರು ಜನಾನೂ ಅನ್ಕೊಂಡ್ವಿ, ಒಬ್ರೂ ಬಾಯಿ ಬಿಡ್ಲಿಲ್ಲ. ಇನ್ಮೇಲೆ ಈ ಮನೇಲಿ ಅನ್ಕೊಳ್ಳೋದು ಬೇಡ" ಎಂದಳು.

ಅದೇ ಸಂಜೆ ಸಾವಿತ್ರಕ್ಕ ಬಂದು ಜಗಲಿಯಲ್ಲಿ ಕೂತು, "ಹೊರದೇಶದವಳ ಕೈಗೆ ಒಲೆ ಕೊಡಬಾರ್ದಿತ್ತು ಬಿಡಿ" ಎಂದಳು, ಒಳಗೆ ಕೇಳಿಸುವಷ್ಟು ಜೋರಾಗಿ.

"ಹೋದ ತಿಂಗಳು ಎರಡು ತಟ್ಟೆ ಒಂಡೆ ಒಂಡೆ ತಿಂದು, ಮಗನಿಗೆ ಡಬ್ಬೀಲಿ ತಗೊಂಡೋದ್ಯಲ್ಲ ಸಾವಿತ್ರಿ, ಆಗ ಯಾವ ದೇಶದ ಕೈ ಅದು?" ಎಂದಳು ಅಜ್ಜಿ. "ನೀರಲ್ಲಿ ಹಾಕಿಟ್ಟು ಹೇಳದೆ ಹೋದೋಳು ನಾನು. ಬೈಯೋದಾದ್ರೆ ನನ್ನ ಬೈಯಿ."

ಮರುದಿನ ಅಜ್ಜಿ ಮತ್ತೆ ಮೆಳೆಗೆ ಹೋಗಿ ಕಳಲೆ ಕಡಿದು ತಂದಳು. ಚಿಕ್ಕಮ್ಮ ಅದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಬೇಡ ಅತ್ತೆ. ಈ ಮನೆಗೆ ಇದು ಬೇಡ."

"ಬೇಡ ಅಂದ್ರೆ ಹೆಂಗೆ? ಮಳೆಗಾಲ ಬಂದ್ರೆ ಈ ಊರಲ್ಲಿ ಎಲ್ಲಾ ಮನೇಲೂ ಕಳಲೆ. ನಿನ್ನ ಮಗಳು ಇಲ್ಲೇ ಬೆಳೀಬೇಕು. ಅವಳಿಗೆ ಹೆದರಿಕೆ ಕಲಿಸ್ತೀಯೋ, ಅಡುಗೆ ಕಲಿಸ್ತೀಯೋ?"

ಚಿಕ್ಕಮ್ಮ ಹೊಸಿಲು ದಾಟಿ ಒಳಗೆ ಬಂದಳು. ಅಜ್ಜಿಯ ಎದುರಿಗೆ ಕೂತು, ಕತ್ತಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಮೂರು ದಿನ ನೆನೆಹಾಕಿದೆವು. ಪ್ರತಿ ಬೆಳಿಗ್ಗೆ ಮೂವರೂ ನಿಂತು ನೀರು ಬದಲಿಸಿದೆವು. "ಇದು ಮೊದಲನೇ ದಿನದ್ದು, ಮುಟ್ಟಬಾರದು" ಎಂದು ನಾನು ಗಟ್ಟಿಯಾಗಿ ಹೇಳಬೇಕು, ಚಿಕ್ಕಮ್ಮ "ಗೊತ್ತಾಯ್ತು" ಅನ್ನಬೇಕು, ಅದು ಅಜ್ಜಿಯ ಕಟ್ಟಪ್ಪಣೆ. ನಾಲ್ಕನೇ ದಿನ ಚಿಕ್ಕಮ್ಮ ತನ್ನ ಊರಿನ ಕ್ರಮ ಶುರು ಮಾಡಿದಳು. ತುಂಬ ನೀರಿನಲ್ಲಿ ಕುದಿಸಿ, ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ಕುದಿಸಿದಳು. ಅಜ್ಜಿ ಅಭ್ಯಾಸಬಲದಿಂದ ಮುಚ್ಚಳ ಹಾಕಲು ಹೋದರೆ ಕೈ ಹಿಡಿದಳು. "ಮುಚ್ಚಬಾರದು ಅತ್ತೆ. ಆವಿ ಜೊತೆ ಹೋಗಬೇಕು ಅದು, ನನ್ನಮ್ಮ ಹೇಳ್ತಿದ್ದಳು." ಅವಳ ಮಾತು ಸರಿಯೆಂದು ನನಗೆ ತಿಳಿದದ್ದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ. ಹಸಿ ಕಳಲೆಯಿಂದ ಹೊರಡುವುದು ಸಯನೈಡ್ ಎಂದು ಪುಸ್ತಕದಲ್ಲಿ ಓದಿ, ಆ ದಿನ ಪಾಠದ ಮಧ್ಯೆ ಎದ್ದು ಹೊರಗೆ ಹೋಗಿದ್ದೆ.

ತೆಂಗಿನ ಹಾಲು, ಅರಿಶಿನ, ಜಜ್ಜಿದ ಮಜ್ಜಿಗೆ ಹುಲ್ಲು ಹಾಕಿ ಹಳದಿ ಗಸಿ ಮಾಡಿದಳು. ಮೊದಲು ತಾನೊಬ್ಬಳೇ ತಿಂದಳು. ತಿಂದು, ಗೋಡೆಗೆ ಒರಗಿ ಪೂರಾ ಒಂದು ಗಂಟೆ ಕೂತಳು. ಅಜ್ಜಿ ಅವಳ ಮುಂದೆ ಅಕ್ಕಿ ಆರಿಸುತ್ತ ಕೂತಳು. ಆಮೇಲೆ ಅಜ್ಜಿ ತಿಂದಳು, ನಾನು ತಿಂದೆ. ಕಹಿ ಇರಲಿಲ್ಲ. ಮಿನ್ನಿ ಬಂದು, "ನಂಗೆ?" ಎಂದಳು. ಚಿಕ್ಕಮ್ಮ ಅಜ್ಜಿಯನ್ನು ನೋಡಿದಳು. ಅಜ್ಜಿ ತಲೆಯೆತ್ತಲಿಲ್ಲ. ತೀರ್ಮಾನ ತಾಯಿಯದೇ ಆಗಲಿ ಎಂದು ಅಕ್ಕಿ ಆರಿಸುತ್ತಲೇ ಇದ್ದಳು. ಚಿಕ್ಕಮ್ಮ ಒಂದು ಚೂರು ತೆಗೆದು, ತನ್ನ ಬಾಯಲ್ಲಿ ಅರ್ಧ ಕಚ್ಚಿ, ಉಳಿದರ್ಧವನ್ನು ಮಗಳ ಬಾಯಿಗಿಟ್ಟಳು.

ಅಜ್ಜಿ ಈಗಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಇವತ್ತಿಗೂ ಆ ಹಳದಿ ಗಸಿ ಆಗುತ್ತದೆ, ಮಾಡುವವಳು ಮಿನ್ನಿ. ಅವಳಿಗೆ ಆ ಭಾನುವಾರದ ನೆನಪೇ ಇಲ್ಲ. ಏನಾದರೂ ಕಳೆದುಹೋಗಿದ್ದರೆ ಅದು ಚಿಕ್ಕಮ್ಮನದು, ನನ್ನದು. ಚಿಕ್ಕಮ್ಮ ಅಂದಾಜಿನಲ್ಲಿ ಕೈ ಆಡಿಸಿ, ನಗುತ್ತ, ಇಲ್ಲದ್ದನ್ನು ಇದ್ದದ್ದರಿಂದ ಮಾಡುತ್ತಿದ್ದಳಲ್ಲ, ಆ ಧೈರ್ಯ ಅವಳಿಗೆ ಮತ್ತೆ ಬರಲಿಲ್ಲ. ಪ್ರೀತಿಯಿಂದ ಬಡಿಸಿದ್ದನ್ನು ಏನೆಂದು ಕೇಳದೆ ಬಾಯಿಗಿಡುವುದು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಕೇಳುತ್ತೇನೆ. ಬಡಿಸಿದವರಿಗೆ ಬೇಸರವಾದರೂ ಕೇಳುತ್ತೇನೆ.

ಮೊದಲ ಸಲ ಆ ಹಳದಿ ಗಸಿ ತಿಂದ ರಾತ್ರಿ ನಾವು ನಾಲ್ವರೂ ಒಂದೇ ಕೋಣೆಯಲ್ಲಿ ಚಾಪೆ ಹಾಸಿದೆವು. ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು, ಕೊಟ್ಟಿಗೆಯಲ್ಲಿ ಹಸು ಹಾಲು ಕರೆಯಲು ಯಾರೂ ಬಾರದ್ದಕ್ಕೆ ಅರಚುತ್ತಿತ್ತು. ಅಜ್ಜಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಎರಡೂ ಕೈ ತನ್ನ ಕೆನ್ನೆಯ ಕೆಳಗಿದ್ದವು. ಮಗು ಅವಳ ಬೆನ್ನ ಹಿಂದೆ ಎಲ್ಲೋ ಉರುಳಿಕೊಂಡಿತ್ತು.