ಗಾಳದ ಕೋಲಿಗೆ ಕಂಬಳಿ ದಾರದ ಹಿಡಿ

ಅಳ್ನಾವರದ ನಿಲ್ದಾಣದಲ್ಲಿ ಬೆಳಗಿನ ಮೊದಲ ಗಾಡಿ ಇನ್ನೂ ಸೀಟಿ ಹಾಕಿಲ್ಲ. ಹಳಿಯಾಚೆಯ ಓಣಿಯಲ್ಲಿ, ಕೊನೆಯ ಮನೆಯ ಕಟ್ಟೆಯ ಮೇಲೆ ಮೈಲಾರವ್ವ ಕಾಲು ಚಾಚಿ ಕುಳಿತಿದ್ದಾರೆ. ತೊಡೆಯ ಮೇಲೆ ಮೀನು ಹಿಡಿಯುವ ಉದ್ದನೆಯ ಬಿದಿರ ಕೋಲು. ಕರಿ ಕಂಬಳಿಯ ದಾರವನ್ನು ಕಾಲಿನ ಹೆಬ್ಬೆರಳಿಗೆ ಒಂದು ಸುತ್ತು ಹಾಕಿ ಬಿಗಿ ಮಾಡಿಕೊಂಡು, ಕೋಲನ್ನು ಎರಡೂ ಕೈಯಿಂದ ತಿರುಗಿಸುತ್ತಾರೆ. ಒಂದೊಂದು ತಿರುವಿಗೂ ಬುಡದಲ್ಲಿ ಒಂದೊಂದು ಸುತ್ತು ದಾರ ಕೂರುತ್ತದೆ.

“ಅಕ್ಕಾರ, ಎಷ್ಟೊತ್ತಿಗೆ ಎದ್ರಿ?” ಎನ್ನುತ್ತೇನೆ.

“ತೊಂಬತ್ತಾರು, ತೊಂಬತ್ತೇಳು… ಎಣಿಸೂ ಮುಂದ ಮಾತಾಡಿಸಬ್ಯಾಡ್ರಿ! ತಪ್ಪಿದ್ರ ನೀವ ಬಿಚ್ಚಿ ಸುತ್ತೀರೇನು?”

ಪತ್ರಿಕೆಗೆ ಬರೆಯಲೆಂದು ಹುಬ್ಬಳ್ಳಿಯಿಂದ ಹಿಂದಿನ ಸಂಜೆಯೇ ಬಂದಿಳಿದು, ಪ್ರಶ್ನೆಗಳ ಪಟ್ಟಿ ಬರೆದುಕೊಂಡು ಬಂದವನಿಗೆ ಇದು ಮೊದಲ ಪಾಠ. ನೂರಾಹತ್ತಕ್ಕೆ ಎಣಿಕೆ ಮುಗಿಯುತ್ತದೆ. ಒಂದು ಗೇಣು ಹಿಡಿಗೆ ನೂರಾಹತ್ತು ಸುತ್ತು, ಸುಮಾರು ಇಪ್ಪತ್ತೈದು ಮೊಳ ದಾರ. ಆಮೇಲೆ ಜೇನುಮೇಣ ಮತ್ತು ರಾಳ ಕರಗಿಸಿದ ಸಣ್ಣ ಬಟ್ಟಲು ಒಲೆಯಿಂದ ಹೊರಗೆ ಬರುತ್ತದೆ. ಅದರಲ್ಲಿ ಬಟ್ಟೆ ಅದ್ದಿ ದಾರಕ್ಕೆ ಉಜ್ಜಿದರೆ ನೀರು ಒಳಗಿಳಿಯುವುದಿಲ್ಲ.

ಈ ಕೋಲು ಇವತ್ತು ಬೆಳಗಾಗುತ್ತಲೇ ಕೆರೆಗೆ ಹೋಗಬೇಕು. ಕೋಲಿನ ಒಡೆಯ ಬಾಷಾಸಾಬರು. ಅವರು ಹೇಳಿ ಕಳಿಸಿದ್ದಾರೆ: ಈ ಸಲವೂ ಕೈ ಜಾರಿದರೆ ಕೋಲನ್ನು ಹಿತ್ತಲ ಅವರೆ ಬಳ್ಳಿಗೆ ಊರುಗೋಲು ಮಾಡುತ್ತಾರಂತೆ. ಮೈಲಾರವ್ವನಿಗೆ ರಾತ್ರಿ ಸರಿಯಾಗಿ ನಿದ್ದೆ ಹತ್ತಿಲ್ಲ.

ಮೈಲಾರವ್ವನ ತವರು ಸಂಶಿ. ಕುರಿ ಕಾಯುವ, ಕಂಬಳಿ ನೇಯುವ ಮನೆತನ. ನಡೆಯುವುದಕ್ಕಿಂತ ಮೊದಲೇ ಉಣ್ಣೆ ನೂಲುವುದನ್ನು ಕಲಿತೆ ಎಂದು ಆಕೆ ಹೇಳುತ್ತಾರೆ. ಅರ್ಧ ನಂಬಬಹುದು. ಇಪ್ಪತ್ತೆಂಟು ವರ್ಷದ ಹಿಂದೆ ಮದುವೆಯಾಗಿ ಅಳ್ನಾವರಕ್ಕೆ ಬಂದಾಗ ಇಲ್ಲಿ ಕುರಿಯೂ ಇರಲಿಲ್ಲ, ಮಗ್ಗವೂ ಇರಲಿಲ್ಲ. ಗಂಡ ಕರಿಸಿದ್ದಪ್ಪ ರೈಲ್ವೆ ಹಳಿ ದುರಸ್ತಿಯ ಗ್ಯಾಂಗಿನವರು. ರಜೆ ಬಂದರೆ ಗಾಳದ ಕೋಲು ಹೆಗಲಿಗೇರಿಸಿ ಕೆರೆಗೆ ನಡೆದುಬಿಡುತ್ತಿದ್ದರು.

“ಮೀನು ತರ್ತಿದ್ದರೇನು?”

“ಕೆಸರು ತರ್ತಿದ್ರು,” ಎನ್ನುತ್ತಾರೆ ಮೈಲಾರವ್ವ. ಒಳಗಿನಿಂದ ಕರಿಸಿದ್ದಪ್ಪನ ಕೆಮ್ಮು ಕೇಳಿಸುತ್ತದೆ. ಅದು ಕೆಮ್ಮಲ್ಲ, ಆಕ್ಷೇಪಣೆ.

ಆ ದಿನಗಳಲ್ಲಿ ಎಲ್ಲರೂ ಕೋಲಿನ ಬುಡಕ್ಕೆ ಹಳೆಯ ಸೈಕಲ್ ಟ್ಯೂಬು ಸುತ್ತುತ್ತಿದ್ದರು. ಎರಡು ಬೇಸಿಗೆಗೆ ಟ್ಯೂಬು ಸವೆದು, ಬಿಸಿಲಿಗೆ ಜಿಗುಟಾಗಿ, ಅಂಗೈಯೆಲ್ಲ ಕಪ್ಪು. ಕರಿಸಿದ್ದಪ್ಪ ಆ ಕೈಯನ್ನು ಧೋತರಕ್ಕೆ ಒರೆಸುತ್ತಿದ್ದರು. ಧೋತರ ಒಗೆಯುವವರು ಯಾರು? ಒಂದು ದಿನ ಸಿಟ್ಟು ನೆತ್ತಿಗೇರಿ ಮೈಲಾರವ್ವ ಆ ಟ್ಯೂಬನ್ನು ಕುಡುಗೋಲಿನಿಂದ ಕೊಯ್ದು ಎಸೆದು, ತವರಿನಿಂದ ತಂದಿದ್ದ ಕಂಬಳಿ ದಾರವನ್ನು ಸುತ್ತಿದರು. ಈ ಕಸುಬು ಹುಟ್ಟಿದ್ದು ಹಾಗೆ.

ಮೊದಲ ಹಿಡಿಯೇ ಎಡವಟ್ಟಾಯಿತು. ಕಂಬಳಿ ಗಟ್ಟಿಯಾಗಲೆಂದು ನೇಕಾರರು ಅದಕ್ಕೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಕಂಬಳಿ ಮನೆತನದ ಮಗಳು ತಾನೆ, ಮೈಲಾರವ್ವ ಹಿಡಿಗೂ ಅದನ್ನೇ ಬಳಿದರು. ಕೆರೆಯ ದಂಡೆಯಲ್ಲಿ ಮಳೆ ಬಂತು. ಗಂಜಿ ಕರಗಿ ಮೊದಲು ಲೋಳೆಯಾಯಿತು, ಮಳೆ ನಿಂತು ಬಿಸಿಲು ಬಿದ್ದ ಮೇಲೆ ಅಂಟಾಯಿತು. ಒಳಗಿನಿಂದ ಕರಿಸಿದ್ದಪ್ಪ ಈಗ ತಾವೇ ಹೊರಗೆ ಬಂದು ಹೇಳುತ್ತಾರೆ: “ಕೋಲು ಕೈ ಬಿಡಲಿಲ್ರಿ. ದಾರ್ಯಾಗ ಸಿಕ್ಕೋರಿಗೆಲ್ಲ ಕೋಲಿನಿಂದನ ನಮಸ್ಕಾರ ಮಾಡಕೋತ ಮನಿಗಿ ಬಂದೆ. ಮರುದಿನ ನೋಡಿದ್ರ ಹಿಡಿ ತುಂಬ ಇರುವಿ!”

“ಮೀನಂತೂ ಹಿಡೀಲಿಲ್ಲ, ಇರುವಿನಾರ ಹಿಡದ್ರಿ,” ಎನ್ನುತ್ತಾರೆ ಮೈಲಾರವ್ವ. ಇಬ್ಬರೂ ನಗುತ್ತಾರೆ. ಇಷ್ಟು ವರ್ಷ ಹಳೆಯದಾದ ಮಾತಿಗೆ ಇಷ್ಟು ಹೊಸದಾಗಿ ನಗುವ ಗಂಡಹೆಂಡಿರನ್ನು ನಾನು ಹೆಚ್ಚು ಕಂಡಿಲ್ಲ. ನನಗೂ ನಗು ತಡೆಯಲಿಲ್ಲ.

ಕಾಡಿನಿಂದ ಜೇನು ತರುವವರ ಹತ್ತಿರ ಮೇಣ ಕೊಂಡು ಹುಣಸೆಗಂಜಿಗೆ ವಿದಾಯ ಹೇಳಿದ ಮೇಲೆ ಹಿಡಿ ಗಟ್ಟಿಯಾಗಿ ನಿಂತಿತು. ಈಗ ಮಳೆಗಾಲದಲ್ಲಿ ವಾರಕ್ಕೆ ಆರೇಳು ಕೋಲು ಬರುತ್ತವೆ. ಕಲಘಟಗಿಯ ಕಡೆಯಿಂದ ಬಸ್ಸಿನ ಮೇಲೆ ಹಾಕಿ ಕಳಿಸುವವರಿದ್ದಾರೆ. ಆದರೆ ಕೋಲೊಂದನ್ನೇ ಕಳಿಸಿದರೆ ಮೈಲಾರವ್ವ ಮುಟ್ಟುವುದಿಲ್ಲ, ಅದನ್ನು ಹಿಡಿಯುವ ಕೈಯೂ ಬರಬೇಕು. ಯಾಕೆಂದರೆ ಅಳತೆ ತೆಗೆಯುವುದು ಜೋಳದ ಹಿಟ್ಟಿನಲ್ಲಿ. ರೊಟ್ಟಿಗೆ ನಾದಿದ ಬೆಚ್ಚಗಿನ ಹಿಟ್ಟನ್ನು ಕೋಲಿನ ಬುಡಕ್ಕೆ ಮೆತ್ತಿ, “ಮೀನು ಜಗ್ಗೇತಿ ಅಂತ ತಿಳಕೊಂಡು ಹಿಡೀರಿ” ಎನ್ನುತ್ತಾರೆ. ಬೆರಳು ಎಲ್ಲಿ ಒತ್ತುತ್ತದೆ, ಅಂಗೈ ಎಲ್ಲಿ ಕೂರುತ್ತದೆ ಎಂಬುದನ್ನು ಹಿಟ್ಟು ತೋರಿಸುತ್ತದೆ. ಅದನ್ನು ನೋಡಿಕೊಂಡು ಎಲ್ಲಿ ದಾರ ಒಂದೆಳೆ, ಎಲ್ಲಿ ಎರಡೆಳೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಅಳತೆ ಮುಗಿದ ಹಿಟ್ಟು ಎಮ್ಮೆಗೆ.

ಈ ಅಳತೆಯನ್ನು ಅವರು ಒಮ್ಮೆ ಮಾತ್ರ ಬಿಟ್ಟರು. ಅದೇ ಬಾಷಾಸಾಬರ ಕೋಲಿಗೆ.

ಬಾಷಾಸಾಬರು ಇದೇ ನಿಲ್ದಾಣದಲ್ಲಿ ಗಾಡಿಯ ಡಬ್ಬಿ ಜೋಡಿಸುವ ಕೆಲಸದಲ್ಲಿದ್ದವರು. ನಾಲ್ಕು ವರ್ಷದ ಹಿಂದೆ ಎರಡು ಡಬ್ಬಿಗಳ ನಡುವೆ ಬಲಗೈ ಸಿಕ್ಕಿ ತೋರುಬೆರಳು, ನಡುಬೆರಳು ಹೋದವು. ಅಂದಿನಿಂದ ಆ ಕೈ ಅಂಗಿಯ ಕಿಸೆಯಲ್ಲೇ ಇರುತ್ತದೆ. ಕೆರೆಯ ದಂಡೆಯಲ್ಲಿ ಅವರಷ್ಟು ಮೀನು ಹಿಡಿದವರಿಲ್ಲ ಎಂದು ಊರು ಹೇಳುತ್ತದೆ. ಆ ಕೋಲು ನಾಲ್ಕು ವರ್ಷ ಗೋಡೆಯ ಮೊಳೆಯ ಮೇಲಿತ್ತು. ಕಳೆದ ತಿಂಗಳು ಅವರ ಹೆಂಡತಿ ಜಮೀಲಾಬಿ ಅದನ್ನು ಇಳಿಸಿ ತಂದು, “ಹಳೇ ಹಿಡಿ ಸವದೈತಿ, ಹೊಸಾದು ಹಾಕಿಕೊಡವಾ. ಮನಿಯಾಗ ಕುಂತು ಕುಂತು ಬರೇ ನನ್ನ ಅಡಿಗಿಗಿ ಹೆಸರಿಡತಾರ” ಎಂದರಂತೆ.

ಮೈಲಾರವ್ವ ಹಿಟ್ಟಿನ ಮಾತೆತ್ತಲಿಲ್ಲ. “ಬಚ್ಚಿಟ್ಟ ಕೈ ತಗೀರಿ ಅಂತ ಹೆಂಗ ಕೇಳಲಿ ಹೇಳ್ರಿ? ಬಾಯಿ ಬರಲಿಲ್ಲ. ನನ್ನ ಅಂದಾಜಿನ ಮ್ಯಾಲ, ಬೆರಳು ಇಲ್ಲದ ಕಡೆ ದಪ್ಪನ್ನ ಉಣ್ಣಿ ಇಟ್ಟು ಸುತ್ತಿದೆ. ಮುಷ್ಟಿ ತುಂಬಲಿ ಅಂತ.”

ಮೊದಲ ಮೀನಿಗೇ ಕೋಲು ಕೈಯಿಂದ ಜಾರಿ ಕೆರೆಗೆ ಹೋಯಿತು. ದಂಡೆಯ ಮೇಲಿದ್ದವರು ನಕ್ಕರು. ಯಾರೋ ಈಜಿ ಹೋಗಿ ಕೋಲು ತಂದರು. ಬಾಷಾಸಾಬರು ಕೈಯನ್ನು ಕಿಸೆಗೆ ಹಾಕಿಕೊಂಡು ಮನೆಗೆ ಹೋದರು. ಇದನ್ನು ಹೇಳುವಾಗ ಮೈಲಾರವ್ವ ತಲೆ ಎತ್ತುವುದಿಲ್ಲ.

“ಇಲ್ಲದ ಬೆರಳಿನ ಜಾಗಾ ತುಂಬಿದೆ ನೋಡ್ರಿ, ಇದ್ದ ಬೆರಳಿಗಿ ಜಾಗಾ ಬಿಡಲಿಲ್ಲ. ನಾ ಮರ್ಯಾದಿ ಅಂತ ಕೇಳದ ಬಿಟ್ಟಿದ್ದು ಅವರ ಮರ್ಯಾದಿ ಕಳೀತು.”

ಮರುದಿನವೇ ಹಿಟ್ಟಿನ ಬುಟ್ಟಿ ಹೊತ್ತು ಅವರ ಮನೆಗೆ ಹೋದರು. ಬಾಷಾಸಾಬರು ಒಲ್ಲೆ ಎಂದರು. ಆಗ ಜಮೀಲಾಬಿ ಬಂದು ಗಂಡನ ಮೊಣಕೈ ಹಿಡಿದು ಕಿಸೆಯಿಂದ ಕೈ ಎಳೆದು, “ಇಡ್ರಿ ಸುಮ್ಮನ. ಹಿಟ್ಟಿಗೇನು ಎಣಿಸಾಕ ಬರತೈತೇನು?” ಎಂದು ಗದರಿದರು. ಹಿಟ್ಟು ಹೇಳಿದ್ದು ಬೇರೆಯೇ ಕತೆ: ಬಲವೆಲ್ಲ ಕಿರುಬೆರಳು, ಉಂಗುರಬೆರಳಿನಲ್ಲಿತ್ತು. ಹೆಬ್ಬೆರಳ ಬುಡ ಕೋಲಿನ ಮೇಲೆ ಕೂರುತ್ತಿತ್ತು. ಅದಕ್ಕೇ ಈ ಸಲ ನಡುವೆ ತೆಳ್ಳಗೆ ಸುತ್ತಿ, ಆ ಎರಡು ಬೆರಳಿಗೆ ತಗ್ಗು ಬಿಟ್ಟು, ಕೈ ಜಾರದಂತೆ ತುದಿಯಲ್ಲಿ ಬಳೆಯಂಥ ಏಣು ಕಟ್ಟಿದ್ದಾರೆ.

ಸೂರ್ಯ ಮೇಲೇರುವ ಹೊತ್ತಿಗೆ ನಾವು ಕೆರೆಯ ದಂಡೆಯಲ್ಲಿದ್ದೇವೆ. ಬಾಷಾಸಾಬರು ಕೋಲನ್ನು ಈಸಿಕೊಂಡು, ಯಾರ ಮುಖವನ್ನೂ ನೋಡದೆ, ಎರೆಹುಳು ಸಿಕ್ಕಿಸಿ ಗಾಳ ಎಸೆಯುತ್ತಾರೆ. ನೀರಿನ ಮೇಲೆ ಬೆಂಡು ತೇಲುತ್ತದೆ. ಮೈಲಾರವ್ವ ದೂರ ನಿಂತು ಮೂಗಿಗೆ ಸೆರಗು ಹಿಡಿದಿದ್ದಾರೆ. ಇಷ್ಟು ಕೋಲಿಗೆ ಹಿಡಿ ಹಾಕಿದ ಹೆಂಗಸಿಗೆ ಮೀನಿನ ವಾಸನೆ ಆಗುವುದಿಲ್ಲ! “ಕುರಿ ಅಂದ್ರ ಆತ್ರಿ. ಇದು ಆಗಂಗಿಲ್ಲ,” ಎಂದು ಪಿಸುಗುಡುತ್ತಾರೆ. ನನಗೆ ನಗು ಬರುತ್ತದೆ, ಆದರೆ ಅವರ ಕಣ್ಣು ಬೆಂಡಿನ ಮೇಲಿಂದ ಕದಲುವುದಿಲ್ಲ.

ಬಹಳ ಹೊತ್ತು ಏನೂ ಇಲ್ಲ. ಕರಿಸಿದ್ದಪ್ಪ ಬೀಡಿ ಹಚ್ಚಿದರು, ಆರಿಸಿದರು. ಬೆಂಡು ಒಮ್ಮೆಲೇ ಮುಳುಗುತ್ತದೆ. ಬಿದಿರು ಬಾಗುತ್ತದೆ. ಬಾಷಾಸಾಬರು ಒಂದು ಹೆಜ್ಜೆ ನೀರಿಗಿಳಿಯುತ್ತಾರೆ, ಮೊಣಕಾಲುದ್ದ. ಕೋಲು ಅತ್ತಿತ್ತ ಎಳೆದಾಡುತ್ತದೆ, ಮೂರು ಬೆರಳಿನ ಆ ಮುಷ್ಟಿ ಮಾತ್ರ ಒಂದಿಂಚೂ ಜರುಗುವುದಿಲ್ಲ.

“ಬಿಡಬ್ಯಾಡ್ರಿ ಅಣ್ಣಾರ!” ಮೈಲಾರವ್ವನ ಸೆರಗು ಮೂಗಿನಿಂದ ಎಂದೋ ಜಾರಿದೆ.

ದಂಡೆಗೆ ಬಿದ್ದದ್ದು ಮೊಳದುದ್ದದ ಮೀನು. ಕರಿಸಿದ್ದಪ್ಪ ತಾವೇ ಹಿಡಿದವರಂತೆ ಕುಣಿದರು. ನಾನೂ ಚಪ್ಪಾಳೆ ತಟ್ಟಿದೆ, ಪತ್ರಿಕೆಯವರು ತಟಸ್ಥರಾಗಿರಬೇಕೆಂಬ ಮಾತು ಕೆರೆಗೆ ಹೋಗಲಿ.

ಮರಳುವ ದಾರಿಯುದ್ದಕ್ಕೂ ಬಾಷಾಸಾಬರದು ಮೀನಿನದೇ ಮಾತು. ಎದುರಾದವರಿಗೆಲ್ಲ ಅದು ಎಷ್ಟು ಜಗ್ಗಿತು, ಹೇಗೆ ತಿರುಗಿತು ಎಂಬ ವರ್ಣನೆ. ಓಣಿ ಮುಟ್ಟುವಷ್ಟರಲ್ಲಿ ಮೀನು ಎರಡು ಮೊಳ ಬೆಳೆದಿತ್ತು. ಹಿಡಿಯ ಬಗ್ಗೆ ಒಂದಕ್ಷರವಿಲ್ಲ. ನನಗೇ ಕೆಡುಕೆನಿಸಿ ಮೈಲಾರವ್ವನಿಗೆ ಹೇಳುತ್ತೇನೆ: “ನಿಮ್ಮ ಕೆಲಸದ ಹೆಸರೇ ಎತ್ತಲಿಲ್ಲವಲ್ಲ ಅವರು?”

“ಜಾರಿದ್ರ ಎತ್ತತಿದ್ರು,” ಎನ್ನುತ್ತಾರೆ ಆಕೆ. “ಹಿಡಿ ಚಲೋ ಇದ್ರ ನೆನಪಾಗಂಗಿಲ್ರಿ. ಅದಿರಲಿ, ಅಲ್ಲಿ ನೋಡ್ರಿ.”

ಮುಂದೆ ಬಾಷಾಸಾಬರು ಅಂಗಡಿಯ ಕಟ್ಟೆಯವರಿಗೆ ಮೀನಿನ ಉದ್ದ ತೋರಿಸುತ್ತಿದ್ದಾರೆ, ಎರಡೂ ಕೈ ಅಗಲಿಸಿ.

“ಎರಡೂ ಕೈ ಹೊರಗ ಅದಾವು,” ಎನ್ನುತ್ತಾರೆ ಮೈಲಾರವ್ವ.