ಬಟನ್ ರಿಪೇರಿಯ ಸ್ವೀಡಲ್

ಮೊದಲೇ ಹೇಳಿಬಿಡುತ್ತೇನೆ, ಈ ವೇಪ್ ಎಂಬ ಹೊಗೆಯಂತ್ರವನ್ನು ಕಂಡರೆ ನನಗೆ ಆಗುವುದಿಲ್ಲ. ಬೀಡಿ ಸೇದುವವನನ್ನಾದರೂ ಕ್ಷಮಿಸಬಹುದು, ತಾನು ಬಿಡುತ್ತಿರುವುದು ಹೊಗೆ ಎಂದು ಅವನು ಒಪ್ಪಿಕೊಳ್ಳುತ್ತಾನೆ. ವೇಪ್ ಎಳೆಯುವವನು ಮುಖದ ಮುಂದೆ ಮಾವಿನಹಣ್ಣಿನ ವಾಸನೆ ಬಿಟ್ಟು, ಇದು ಹೊಗೆಯೇ ಅಲ್ಲ ಎಂದು ನನಗೇ ಪಾಠ ಹೇಳುತ್ತಾನೆ. ಹಾಗಿದ್ದೂ ಬಹರೈನಿನ ಗುದೈಬಿಯಾದ ಒಂದು ವೇಪ್ ಅಂಗಡಿಯ ಮಾತು ಬಂದರೆ ನಾನು ನೆಟ್ಟಗೆ ಕೂರುತ್ತೇನೆ. ಅಲ್ಲಿ ರಿಪೇರಿ ಮೇಜಿನ ಹಿಂದೆ ಕೂರುವವಳು ನನ್ನ ಹೆಂಡತಿ ಸ್ವೀಡಲ್.

ನಾನು ಸ್ಟ್ಯಾನಿ. ಹಿದ್‌ನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಸ್ವೀಡಲ್ ಕಿನ್ನಿಗೋಳಿಯವಳು. ಅವಳ ಅಪ್ಪ ಅಲ್ಲಿಯ ಪೇಟೆಯಲ್ಲಿ ಕೊಡೆ ಮತ್ತು ಟಾರ್ಚ್ ರಿಪೇರಿ ಮಾಡುತ್ತಿದ್ದರು. ಮದುವೆಯಾಗಿ ಬಹರೈನಿಗೆ ಬಂದ ಮೇಲೆ ಜಿಂಜ್‌ನ ಫ್ಲ್ಯಾಟಿನಲ್ಲಿ ಗೋಡೆ ನೋಡಿಕೊಂಡು ಕೂರಲು ಅವಳಿಂದ ಆಗಲಿಲ್ಲ. ಉಳ್ಳಾಲದ ಅಫ್ಸಲ್ ಆಗಷ್ಟೇ ಅಂಗಡಿ ಹಾಕಿದ್ದ. ಬಿಲ್ಲು ಹಾಕುವುದಕ್ಕೆ ಜನ ಬೇಕೆಂದ. ಇವಳು ಹೋದಳು. ಕೆಲವೇ ದಿನಗಳಲ್ಲಿ ಒಬ್ಬ ಗಿರಾಕಿ ಕೆಟ್ಟುಹೋದ ವೇಪನ್ನು ಕೌಂಟರಿನ ಮೇಲೆ ಕುಕ್ಕಿ, ಬೇಡವೇ ಬೇಡ ಎಂದು ಬೈದು ಹೋದ. ಸ್ವೀಡಲ್ ಅದನ್ನು ಬಿಚ್ಚಿ ನೋಡಿದಳು. ಆ ಸಂಜೆ ನಾನು ಕರೆತರಲು ಹೋದಾಗ ಕಾರು ಹತ್ತುವ ಮೊದಲೇ ಶುರು ಮಾಡಿದಳು.

"ಸ್ಟ್ಯಾನಿ, ಅದು ನಮ್ಮ ಟಾರ್ಚೇ ಮಾರಾಯ! ಬಲ್ಬಿನ ಜಾಗದಲ್ಲಿ ಹೊಗೆ, ಅಷ್ಟೇ ವ್ಯತ್ಯಾಸ."

ಅವಳು ಹೇಳಿದ್ದು ಹಳೆಯ ಮಾದರಿಯ ಬಗ್ಗೆ. ಅದೊಂದು ಲೋಹದ ಕೊಳವೆ. ಒಳಗೆ ಬ್ಯಾಟರಿ, ತಳದಲ್ಲಿ ಬಟನ್. ಒತ್ತಿದರೆ ಲೋಹಕ್ಕೆ ಲೋಹ ತಾಗಿ ನೇರ ಕರೆಂಟು ಹರಿಯುತ್ತದೆ, ಬಿಟ್ಟರೆ ಸ್ಪ್ರಿಂಗು ಬಟನನ್ನು ಹಿಂದಕ್ಕೆ ತಳ್ಳುತ್ತದೆ. ನಡುವೆ ಕೇಳುವವರಿಲ್ಲ, ಹೇಳುವವರಿಲ್ಲ. ಇದಕ್ಕೆ ಮೆಕ್ಯಾನಿಕಲ್ ಎನ್ನುತ್ತಾರೆ. ಹೊಸ ಮಾದರಿಯಲ್ಲಿ ಬೆರಳಿಗೆ ಸಿಗುವುದು ಸಣ್ಣ ಎಲೆಕ್ಟ್ರಿಕ್ ಬಟನ್. ಅದು ಒಳಗಿನ ಚಿಪ್ಪಿಗೆ ಸುದ್ದಿ ಮುಟ್ಟಿಸುತ್ತದೆ, ಚಿಪ್ಪು ಸರಿ ಕಂಡರೆ ಮಾತ್ರ ಕರೆಂಟು ಬಿಡುತ್ತದೆ. ಹೆಚ್ಚು ಹೊತ್ತು ಒತ್ತಿ ಹಿಡಿದರೆ ತಾನಾಗಿ ನಿಲ್ಲುತ್ತದೆ. ಬೇಗ ಬೇಗ ಐದು ಸಲ ಒತ್ತಿದರೆ ಪೂರ್ತಿ ಆಫ್.

ಕೆಲವೇ ತಿಂಗಳಲ್ಲಿ ಸ್ವೀಡಲ್‌ಗೆ ಅಂಗಡಿಯ ಮೂಲೆಯಲ್ಲಿ ಒಂದು ಮೇಜು, ಒಂದು ದೀಪ, ಸೋಲ್ಡರಿಂಗ್ ಕಡ್ಡಿ ಬಂದವು. ಬಂಗಾಳಿಗಳು, ಪಠಾಣರು, ಬಹರೈನಿ ಹುಡುಗರು ಎಲ್ಲರೂ ಮೂಲೆಯ ಮೇಜಿಗೇ ಬರತೊಡಗಿದರು. ಅವಳ ಕೈಗೆ ಹೆಸರಾಯಿತು. ಅವಳೇನು ನಾಚಿಕೊಂಡು ತಲೆ ತಗ್ಗಿಸುವವಳಲ್ಲ. ಯಾರಾದರೂ ಹೊಗಳಿದರೆ, "ಹೌದು, ಚೆನ್ನಾಗಿಯೇ ಮಾಡ್ತೇನೆ" ಎಂದು ಹೇಳಿ ಮುಂದಿನದಕ್ಕೆ ಕೈ ಹಾಕುತ್ತಾಳೆ. ನನಗೆ ಇದು ಬಹಳ ಇಷ್ಟ.

ಇಲ್ಲಿಯ ಸಮುದ್ರದ ಗಾಳಿಗೆ ಬಟನಿನ ಹಿತ್ತಾಳೆ ಬೇಗ ಹಸಿರುಗಟ್ಟುತ್ತದೆ. ಹಸಿರು ಹಿಡಿದರೆ ಕರೆಂಟು ಸರಿಯಾಗಿ ಹರಿಯದೆ ಬಟನ್ ಬಿಸಿಯಾಗುತ್ತದೆ, ಬಿಸಿಗೆ ಸ್ಪ್ರಿಂಗು ಸೋಲುತ್ತದೆ. ಅಂಗಡಿಗಳಲ್ಲಿ ಇದಕ್ಕೆಂದೇ ಪಾಲಿಶ್ ಮಾರುತ್ತಾರೆ. ಸ್ವೀಡಲ್ ಬಳಸುವುದು ಹುಣಸೆಹುಳಿ. ದೇವರ ದೀಪ ತೊಳೆಯುವ ಹಾಗೆ ತಿಕ್ಕಿ, ನೀರಲ್ಲಿ ತೊಳೆದು, ಸ್ಪಿರಿಟ್ಟಿನಿಂದ ಒರೆಸಿ ಒಣಗಿಸುತ್ತಾಳೆ. ಮನೆಯಲ್ಲಿ ಮೀನುಸಾರಿಗೆ ಹುಳಿ ಸಾಲದೆ ನಾನು ಎಷ್ಟು ಸಲ ಗೊಣಗಿದ್ದೇನೋ ಲೆಕ್ಕವಿಲ್ಲ.

ಪ್ರೇಮನಾಥ ಎಂಬ ಮುಲ್ಕಿಯವರು ಡಿಪ್ಲೊಮ್ಯಾಟಿಕ್ ಏರಿಯಾದ ಕಚೇರಿಯೊಂದರಲ್ಲಿ ಡ್ರೈವರು. ಮೊದಲು ಎಲೆಕ್ಟ್ರಿಕ್ ಬಟನಿನದು ಇಟ್ಟುಕೊಂಡಿದ್ದರು, ಆಮೇಲೆ ಗೆಳೆಯನೊಬ್ಬ ಊರಿಗೆ ಹೋಗುವಾಗ ತನ್ನ ಮೆಕ್ಯಾನಿಕಲನ್ನು ಅವರಿಗೆ ಕೊಟ್ಟುಹೋದ. ಒಂದು ದಿನ ಅವರು ಸ್ವೀಡಲ್‌ಗೆ ಫೋನು ಮಾಡಿದರು. ಬಟನ್ ಒತ್ತಿದರೆ ಅಂಟಿಕೊಳ್ಳುತ್ತಿದೆ, ನಿಧಾನಕ್ಕೆ ಮೇಲೆ ಬರುತ್ತಿದೆ, ಏನು ಮಾಡಲಿ ಎಂದರು. ಮೇಜಿನ ಮುಂದೆ ಗಿರಾಕಿಗಳ ಗುಂಪು. ಸ್ವೀಡಲ್ ಅವಸರದಲ್ಲಿ, "ಇನ್ನು ಎಳೀಬೇಡಿ ಪ್ರೇಮಣ್ಣ, ತೆಗೆದಿಡಿ. ನಾಳೆ ತನ್ನಿ" ಎಂದಳು.

ಮರುದಿನ ಶುಕ್ರವಾರ. ನನಗೆ ರಜೆ, ಅಂಗಡಿಯಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಪ್ರೇಮನಾಥರು ಒಳಗೆ ಬಂದರು. ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಇನ್ನೊಂದು ಕೈಯಲ್ಲಿ ಊಟದ ಬ್ಯಾಗು, ಅದರ ಒಂದು ಮಗ್ಗುಲು ಸುಟ್ಟು ಕರಕಲಾಗಿತ್ತು.

"ನೋಡಿ ಬಾಯಮ್ಮ, ನೀವು ಹೇಳಿದ ಹಾಗೆಯೇ ಮಾಡಿದ್ದು ನಾನು" ಎಂದು, ಊರಲ್ಲಿ ಕ್ರಿಸ್ತರ ಹೆಂಗಸರನ್ನು ಕರೆಯುವ ಹಾಗೆಯೇ ಕರೆದು, ಬ್ಯಾಗನ್ನು ಮೇಜಿನ ಮೇಲಿಟ್ಟರು. "ಡ್ರೈವರ್‌ಗಳ ರೂಮಿನಲ್ಲಿ ಹೊಗೆ ತುಂಬಿ ಎಲ್ಲರೂ ಹೊರಗೆ ಓಡಿದ್ದು."

ಸ್ವೀಡಲ್ ಕೆಲಸ ಬಿಟ್ಟು ಎದ್ದು ನಿಂತಳು. "ನಾನು ತೆಗೆದಿಡಿ ಅಂದ ಮೇಲೆ ನೀವು ಎಂತ ಮಾಡಿದ್ದು? ಒಂದೊಂದೇ ಹೇಳಿ."

"ಎಂತ ಮಾಡ್ಲಿಕ್ಕುಂಟು? ಲೈಟ್ ತೆಗಿ ಅಂದ್ರೆ ಆಫ್ ಮಾಡು ಅಂತ ಅಲ್ವಾ? ಐದು ಸಲ ಒತ್ತಿ ಆಫ್ ಮಾಡಿದೆ. ಬ್ಯಾಗಲ್ಲಿ ಟಿಫಿನ್ನಿನ ಅಡಿಯಲ್ಲಿ ಇಟ್ಟೆ."

ನನಗೆ ಆಗಲೇ ಅರ್ಥವಾಯಿತು, ಅವಳಿಗೆ ನನಗಿಂತ ಮೊದಲು. ಅವಳು ತೆಗೆದಿಡಿ ಎಂದದ್ದು ಬ್ಯಾಟರಿಯನ್ನು. ಮೆಕ್ಯಾನಿಕಲ್‌ನಲ್ಲಿ ಆಫ್ ಎಂಬುದೇ ಇಲ್ಲ. ಅವರು ಐದು ಸಲ ಒತ್ತಿದ್ದು ಐದು ಸಲ ಉರಿಸಿದ ಹಾಗೆ. ಆಮೇಲೆ ಟಿಫಿನ್ನಿನ ಭಾರಕ್ಕೆ ಬಟನ್ ಒಳಗೆ ಹೋಗಿ ಅಂಟಿಕೊಂಡಿತು, ಮೇಲೆ ಬರಲಿಲ್ಲ, ಕರೆಂಟು ನಿಲ್ಲದೆ ಹರಿದು ಸುಟ್ಟಿತು. ನಮ್ಮ ನಮ್ಮ ಮನೆಮಾತು ಬೇರೆಬೇರೆ. ಅವರದು ತುಳು, ನಮ್ಮದು ಕೊಂಕಣಿ, ಅಫ್ಸಲ್‌ನದು ಬ್ಯಾರಿ. ಒಟ್ಟು ಸೇರಿದಾಗ ಆಡುವ ಕನ್ನಡದಲ್ಲಿ ದೀಪ ಆರಿಸುವುದೂ ತೆಗೆಯುವುದೇ, ಬಾಗಿಲು ತೆರೆಯುವುದೂ ತೆಗೆಯುವುದೇ, ಹೊರಗೆ ಎಳೆಯುವುದೂ ತೆಗೆಯುವುದೇ.

ಸುಮ್ಮನಿರು, ಏನೂ ಒಪ್ಪಿಕೊಳ್ಳಬೇಡ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಪ್ರೇಮಣ್ಣ, ಬ್ಯಾಟರಿ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಿತ್ತು. ನಿಮ್ಮ ತಪ್ಪಲ್ಲ, ಆ ಬಟನಿನ ತಪ್ಪೂ ಅಲ್ಲ. ನನ್ನ ಮಾತಿನ ತಪ್ಪು."

ಅವರು ಬ್ಯಾಗು ಎತ್ತಿಕೊಂಡು ಹೊರಟುಹೋದರು. ಅಲ್ಲಿಯವರೆಗೆ ಕೌಂಟರಿನ ಹಿಂದೆ ನಿಂತು ಎಲ್ಲ ಕೇಳುತ್ತಿದ್ದ ಅಫ್ಸಲ್ ಬಾಗಿಲು ಮುಚ್ಚಿದ್ದೇ ತಡ ಕೂಗಾಡಿದ.

"ಸ್ವೀಡಲಕ್ಕ, ಅಂಗಡಿಯಲ್ಲಿ ನಿಂತು ಹೀಗೆ ಹೇಳ್ತಾರಾ? ನಾಳೆ ಊರೆಲ್ಲ ಎಂತ ಹೇಳ್ತದೆ? ಸಾಕು ಈ ಟಾರ್ಚಿನ ಸಹವಾಸ. ಇನ್ನು ಎಲೆಕ್ಟ್ರಿಕ್ ಮಾತ್ರ. ಅಂಟಿದರೂ ತನ್ನಷ್ಟಕ್ಕೆ ಆಫ್ ಆಗ್ತದೆ, ಯಾರ ಬೆರಳೂ ಸುಡುವುದಿಲ್ಲ."

"ಆ ವಿಷಯದಲ್ಲಿ ಅದು ಒಳ್ಳೆಯದೇ, ನಾನು ಇಲ್ಲ ಅನ್ನುವುದಿಲ್ಲ" ಎಂದಳು ಸ್ವೀಡಲ್. "ಆದ್ರೆ ಹೊಗೆಗೆ ತುಂಬುವ ರಸ ಅದರ ಬಟನಿಗೆ ಇಳಿದ್ರೆ? ಹೊರಗಿಂದ ಒರೆಸ್ಲಿಕ್ಕೂ ಆಗುವುದಿಲ್ಲ, ಒಳಗೆ ಕೈ ಹಾಕ್ಲಿಕ್ಕೂ ಆಗುವುದಿಲ್ಲ. ಕಿತ್ತು ಹೊಸ ಬಟನ್ ಬೆಸೆಯಬೇಕು. ಮೆಕ್ಯಾನಿಕಲ್ ದಿನಾ ಕೆಲಸ ಕೇಳ್ತದೆ. ಎಲೆಕ್ಟ್ರಿಕ್ ಎಂತದೂ ಕೇಳುವುದಿಲ್ಲ, ಒಂದು ದಿನ ಹೇಳದೆ ಕೇಳದೆ ಸಾಯ್ತದೆ."

"ಸಾಯ್ಲಿ. ಹೊಸದು ಮಾರ್ತೇನೆ. ರಿಪೇರಿ ಮೇಜೇ ಬೇಡ. ನೀವು ಮೊದಲಿನ ಹಾಗೆ ಬಿಲ್ಲು ಹಾಕಿ."

"ಬಿಲ್ಲು ಹಾಕ್ಲಿಕ್ಕೆ ಯಾರಾದ್ರೂ ಸಿಗ್ತಾರೆ ಅಫ್ಸಲ್ ಭಾಯ್. ಮೇಜಿಲ್ಲದಿದ್ರೆ ನಾನೂ ಇಲ್ಲ. ಒಪ್ಪಿಕೊಂಡ ಕೆಲಸ ಮುಗಿಸಿ ಕೊಡ್ತೇನೆ, ಮುಂದಿನ ಶುಕ್ರವಾರ ಹೋಗ್ತೇನೆ."

ಆ ವಾರ ಮನೆಯಲ್ಲಿ ನಾನೊಬ್ಬನೇ ಕುದಿಯುತ್ತಿದ್ದೆ. ಸುಮ್ಮನೆ ಯಾಕೆ ಒಪ್ಪಿಕೊಂಡೆ, ಯಾರು ಕೇಳಿದ್ದರು ಎಂದು ದಿನಾ ಜಗಳ ತೆಗೆದೆ. ಅವಳು ಒಮ್ಮೆ ಮಾತ್ರ ಉತ್ತರ ಕೊಟ್ಟಳು. "ಸುಳ್ಳು ಹೇಳಿ ಮೇಜು ಉಳಿಸಿಕೊಂಡ್ರೆ, ಮತ್ತೆ ಆ ಮೇಜಿನಲ್ಲಿ ಕೂತು ನಾನು ಎಂತ ಮಾಡುವುದು?" ಹಾಗಂದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತಿದ್ದಾಳೆ ಎಂದು ಕಣ್ಣು ನೋಡಿ ತಿಳಿಯಿತು. ಆ ಮೂಲೆಯ ಮೇಜಿಗಿಂತ ಹೆಚ್ಚಾಗಿ ಈ ದೇಶದಲ್ಲಿ ಅವಳದ್ದೇ ಎನ್ನುವಂಥದ್ದು ಏನೂ ಇರಲಿಲ್ಲ. ವೀಸಾ ನನ್ನ ಹೆಸರಲ್ಲಿ, ಫ್ಲ್ಯಾಟು ನನ್ನ ಹೆಸರಲ್ಲಿ.

ಶುಕ್ರವಾರ ನಾನು ಕಾರು ತಂದೆ. ಸಲಕರಣೆ ಪೆಟ್ಟಿಗೆ, ದೀಪ, ಬಟನುಗಳ ಡಬ್ಬಗಳು, ಎಲ್ಲವನ್ನೂ ಡಿಕ್ಕಿಗೆ ತುಂಬಿಸಿದೆ. ಅಫ್ಸಲ್ ಫೋನು ನೋಡುವವನಂತೆ ನಟಿಸುತ್ತಿದ್ದ. ಸ್ವೀಡಲ್ ಖಾಲಿ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಆಗ ಪ್ರೇಮನಾಥರು ಬಂದರು, ಬೆನ್ನಿಗೆ ಅವರ ಕಚೇರಿಯ ಇನ್ನಿಬ್ಬರು ಡ್ರೈವರುಗಳು. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡು ನಾನು ಅಂಗಿಯ ತೋಳು ಮಡಚಿದೆ.

ಅವರು ಕಪ್ಪಾಗಿದ್ದ ಅದೇ ಕೊಳವೆಯನ್ನು ಮೇಜಿನ ಮೇಲಿಟ್ಟರು. "ಬಾಯಮ್ಮ, ಇದನ್ನು ಸರಿ ಮಾಡಿ ಕೊಡಿ. ಬಟನನ್ನು ಹೇಗೋ ಮೇಲೆ ಎಬ್ಬಿಸಿ ಹೊಸ ಬ್ಯಾಟರಿ ಹಾಕಿದ್ದೇನೆ. ಇವರದ್ದೂ ಉಂಟು, ಅದನ್ನೂ ನೋಡಿ."

"ಪ್ರೇಮಣ್ಣ, ಇಲ್ಲಿ ಇನ್ನು ರಿಪೇರಿ ಇಲ್ಲ" ಎಂದಳು ಸ್ವೀಡಲ್.

"ಹಾಗಾದ್ರೆ ಎಲ್ಲಿ? ನಿಮ್ಮ ಮನೆಗೆ ತರ್ಬೇಕಾ? ತರ್ತೇವೆ." ಅವರು ಅಫ್ಸಲ್ ಕಡೆ ತಿರುಗಿದರು. "ಬೇರೆ ಅಂಗಡಿಗೆ ಹೋಗಿದ್ದೆ ಭಾಯ್. ಎಂತದೂ ಆಗುವುದಿಲ್ಲ ಧೈರ್ಯದಲ್ಲಿ ಎಳೀರಿ ಅಂದ್ರು. ಬಿಚ್ಚಿಯೂ ನೋಡಲಿಲ್ಲ. ನನ್ನಿಂದ ತಪ್ಪಾಯ್ತು ಅಂತ ಹೇಳಿದವರು ಈ ಬಾಯಮ್ಮ ಒಬ್ಬರೇ. ಬ್ಯಾಟರಿಯ ಸಾಮಾನನ್ನು ನಾನು ಇವರಲ್ಲದೆ ಇನ್ಯಾರ ಕೈಗೆ ಕೊಡ್ಲಿ?"

ಅಫ್ಸಲ್ ಫೋನು ಕೆಳಗಿಟ್ಟ. ಮೂಲೆಯ ಮೇಜಿನ ಕಡೆ ನೋಡಿದ. ಆಮೇಲೆ ನನ್ನ ಮುಂದೆ ಬಂದು ಕೈ ಚಾಚಿದ. "ಸ್ಟ್ಯಾನಿಯಣ್ಣ, ಕಾರಿನ ಕೀ ಕೊಡಿ."

ಕೊಟ್ಟೆ. ಸುಡುವ ಬಿಸಿಲಿನಲ್ಲಿ ಹೋಗಿ, ಆ ಭಾರದ ಪೆಟ್ಟಿಗೆಯನ್ನೂ ದೀಪವನ್ನೂ ಡಬ್ಬಗಳನ್ನೂ ಅವನೇ ಹೊತ್ತು ತಂದ, ಬೆವರಿಳಿಸಿಕೊಂಡು. ಗೋದಾಮಿನಲ್ಲಿ ದಿನವಿಡೀ ಭಾರ ಎತ್ತುವವನು ನಾನು, ಕೈ ಕೊಡಬಹುದಿತ್ತು. ಕೊಡಲಿಲ್ಲ. ಬಾಗಿಲು ಮಾತ್ರ ಹಿಡಿದುಕೊಂಡೆ.

ಸ್ವೀಡಲ್ ದೀಪ ಸಿಕ್ಕಿಸಿದಳು, ಕುರ್ಚಿ ಎಳೆದು ಕೂತಳು. ಪ್ರೇಮನಾಥರು ಕೊಳವೆಯನ್ನು ಮುಂದಕ್ಕೆ ತಳ್ಳಿದರೆ ಅವಳು ಮುಟ್ಟಲಿಲ್ಲ. "ಮೊದಲು ಅದರ ಹೊಟ್ಟೆ ಖಾಲಿ ಮಾಡಿ. ನೀವೇ, ನಿಮ್ಮ ಕೈಯಿಂದಲೇ." ಅವರು ನಗುತ್ತಾ ಮುಚ್ಚಳ ತಿರುಗಿಸಿ ಬ್ಯಾಟರಿಯನ್ನು ಹೊರಗೆ ಜಾರಿಸಿ ಮೇಜಿನ ಮೇಲಿಟ್ಟರು. ಹಿಂದೆ ನಿಂತಿದ್ದ ಇಬ್ಬರೂ ಹೇಳದೆಯೇ ತಮ್ಮದರ ಹೊಟ್ಟೆಯನ್ನೂ ಖಾಲಿ ಮಾಡಿದರು.

ಅಷ್ಟರಲ್ಲಿ ಗುರುತಿಲ್ಲದ ಒಬ್ಬ ಪಠಾಣ ಬಾಗಿಲಲ್ಲಿ ನಿಂತು, ಬಟನ್ ರಿಪೇರಿ ಇಲ್ಲೇ ಮಾಡುವುದಾ ಎಂದು ಹಿಂದಿಯಲ್ಲಿ ನನ್ನನ್ನು ಕೇಳಿದ. ಇಲ್ಲೇ ಎಂದೆ. ಅವನು ಮತ್ತೇನೂ ಕೇಳಿರಲಿಲ್ಲ, ಆದರೂ ನಾನು ಅವನ ತೋಳು ಹಿಡಿದು ನಿಲ್ಲಿಸಿ ಹೇಳಿದೆ: ಅಲ್ಲಿ ಕೂತಿದ್ದಾಳಲ್ಲ, ಅವಳು ನನ್ನ ಹೆಂಡತಿ.